ಮಾವನ ಕೋಟು ಬಿಚ್ಚಿಸಿದ ಸೊಸೆ

ಗಜೇಂದ್ರಗಡದಲ್ಲಿ ಶಿವಬಸವ್ವನ ಮನೆಗೆ ಮೊದಲ ಸಲ ಬಂದವರು ಚಹಾ ಕುಡಿಯುವುದಕ್ಕೂ ಮುಂಚೆ ಗೋಡೆಯ ಫೋಟೋ ನೋಡಿ ಕೇಳುತ್ತಾರೆ: "ಈ ಸಾಹೇಬ್ರು ಯಾವ ಆಫೀಸಿನ್ಯಾಗ ಇದ್ರು?"

ಕರಿ ಕೋಟು, ಕೆಂಪು ಟೈ, ಎರಡೂ ಭುಜ ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ. ಅದರ ಮೇಲೆ ಕೂತ ಮುಖ ಮಾತ್ರ, ಪಾಪ, ಬೇರೆಯವರ ಮದುವೆಯ ಪಂಕ್ತಿಯಲ್ಲಿ ತಪ್ಪಿ ಊಟಕ್ಕೆ ಕೂತವನಂತೆ ಹೆದರಿದೆ.

ಆ ಸಾಹೇಬರು ಶಿವಬಸವ್ವನ ಗಂಡ ಗವಿಸಿದ್ದಪ್ಪ. ಯಾವ ಆಫೀಸಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಅದೇ ಗೋಡೆಯ ಕೆಳಗಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಆಯುಷ್ಯವೆಲ್ಲ ಪಟ್ಟೆದಂಚಿನ ಸೀರೆ ನೇಯ್ದವರು. ತೀರಿಕೊಂಡಾಗ ಮನೆಯಲ್ಲಿ ಸಿಕ್ಕಿದ್ದು ಮತದಾರರ ಚೀಟಿಯಲ್ಲಿದ್ದ ಹೆಬ್ಬೆರಳು ಗಾತ್ರದ ಫೋಟೋ ಒಂದೇ. ಯಾವುದೋ ಊರಿನ ಸ್ಟುಡಿಯೋದವನು ಆ ಮುಖವನ್ನು ದೊಡ್ಡದು ಮಾಡಿ, ತನ್ನ ಹತ್ತಿರ ತಯಾರಾಗಿ ಇಟ್ಟುಕೊಂಡಿದ್ದ ಕೋಟಿನ ಮೇಲೆ ಕೂರಿಸಿ, ಮುಖಕ್ಕೆ ಒಂದಿಷ್ಟು ಬಿಳುಪನ್ನೂ ಬಳಿದು ಕೊಟ್ಟಿದ್ದ.

"ಜನ್ಮದಾಗ ಕೋಟ ಮುಟ್ಟಲಾರದ ಮನಶ್ಯಾ. ಯಾವನ ಕೋಟೋ ಏನೋ, ದಿನಾ ಅದಕ್ಕ ಹೂವು ಏರಸಾಕತ್ತೀನಿ," ಎಂದು ಶಿವಬಸವ್ವ ಬೆಳಿಗ್ಗೆ ಒಂದು ಸಲ ಗೊಣಗಿ, ಹೂವು ಏರಿಸಿ, ಮಗ್ಗಕ್ಕೆ ಇಳಿಯುತ್ತಿದ್ದಳು.

ನರೇಗಲ್ಲಿನಿಂದ ಈ ಮನೆಗೆ ಸೊಸೆಯಾಗಿ ಬಂದ ನೇತ್ರಾ ಮಾವನನ್ನು ಕಂಡವಳಲ್ಲ. ಅವಳು ಹೊಸ್ತಿಲು ದಾಟುವ ಹೊತ್ತಿಗೆ ಅವರು ಕೋಟು ತೊಟ್ಟು ಗೋಡೆ ಏರಿಯಾಗಿತ್ತು. ಮದುವೆ, ಬಸಿರು, ಬಾಣಂತನ ಎಲ್ಲ ಒಂದರ ಬೆನ್ನಿಗೆ ಒಂದು ಮುಗಿದು, ಮಗಳು ವಿದ್ಯಾಶ್ರೀಗೆ ಎರಡು ತುಂಬುತ್ತ ಬಂದಾಗ ನೇತ್ರಾಳಿಗೆ ಕೈ ತುರಿಸತೊಡಗಿತು. ಫೋನಿನಲ್ಲಿ ಮಗುವಿನ ಫೋಟೋ ತೆಗೆಯುವುದು, ಬಣ್ಣ ತಿದ್ದುವುದು, ಅದರ ಹಿಂದೆ ಕಾಣುವ ಒಗೆಯದ ಬಟ್ಟೆಯ ರಾಶಿಯನ್ನು ಮಸುಕು ಮಾಡುವುದು. ಬಟ್ಟೆ ಒಗೆಯುವುದಕ್ಕಿಂತ ಮಸುಕು ಮಾಡುವುದು ಸುಲಭವೆಂದು ಗೊತ್ತಾದ ಮೇಲೆ ಆ ವಿದ್ಯೆಯ ಮೇಲೆ ಪ್ರೀತಿ ಹುಟ್ಟದೆ ಇದ್ದೀತೆ? ಬಳೆ ಅಂಗಡಿಯ ಮೇಲಿನ ಕಂಪ್ಯೂಟರ್ ಕೇಂದ್ರದಲ್ಲಿ ಡಿಜಿಟಲ್ ಆರ್ಟ್ ಮತ್ತು ಫೋಟೋ ಎಡಿಟಿಂಗ್ ಕೋರ್ಸಿಗೆ ಹೆಸರು ಹಚ್ಚಿದಳು.

ಕ್ಲಾಸು ಮಧ್ಯಾಹ್ನ ಎರಡು ತಾಸು. ಆ ಹೊತ್ತಿಗೆ ಮಗು ಮಗ್ಗದ ಪಕ್ಕದ ಜೋಳಿಗೆಯಲ್ಲಿ ಮಲಗಿರುತ್ತಿತ್ತು. ಲಾಳಿಯ ಸದ್ದು ಇರುವತನಕ ಅದಕ್ಕೆ ನಿದ್ದೆ. ಸದ್ದು ನಿಂತಿತೆಂದರೆ ಎಚ್ಚರ. ಹೀಗಾಗಿ ಸೊಸೆ ಕಲಿಯಲು ಹೋದಷ್ಟು ಹೊತ್ತು ಅತ್ತೆ ಬಿಡದೆ ನೇಯಲೇಬೇಕು. "ನೀ ಕಲಿಯಾಕ ಹೊಂಟಾಗಿಂದ ನನ್ನ ಸೀರಿ ಲಗೂ ಲಗೂ ಇಳಿಯಾಕತ್ತಾವ," ಎಂದು ಶಿವಬಸವ್ವ ಹೇಳುತ್ತಿದ್ದಳು. ಅದು ಹೊಗಳಿಕೆಯೋ ದೂರೋ ಎಂದು ನೇತ್ರಾ ಕೇಳಲು ಹೋಗಲಿಲ್ಲ.

ಮೊದಲ ಪ್ರಾಜೆಕ್ಟು, ಹಿನ್ನೆಲೆ ಬದಲಿಸುವುದು. ನೇತ್ರಾ ಮಗಳನ್ನು ಎತ್ತಿ ಚಂದ್ರನ ಮೇಲೆ ಕೂರಿಸಿದಳು. ಚಂದ್ರ ಫಳಫಳ ಹೊಳೆದ. ಆದರೆ ಹಗಲೆಲ್ಲ ನೆಗಡಿಯಾಗಿದ್ದ ಮಗು ಇದ್ದ ಹಾಗೇ ಮೇಲೆ ಹೋಗಿತ್ತು. ಶಿವಬಸವ್ವ ನೋಡಿದಳು. "ಅಲ್ಲವಾ, ಚಂದ್ರನ ಮ್ಯಾಲೆ ಮೂಗ ಒರಸೋರು ಯಾರೂ ಇಲ್ಲೇನ?"

ಎರಡನೆಯದು, ಬೇಡದ್ದನ್ನು ತೆಗೆಯುವುದು. ಪಕ್ಕದ ಮನೆಯವರ ಗೃಹಪ್ರವೇಶದ ಫೋಟೋದಲ್ಲಿ ದಂಪತಿಯ ನಡುವೆ ತಲೆ ತೂರಿಸಿದ್ದ ಮೇಕೆಯೊಂದನ್ನು ಅವಳು ಕೂದಲೂ ಉಳಿಯದಂತೆ ಮಾಯ ಮಾಡಿದಳು. ನೆಲದ ಮೇಲೆ ಅದರ ನೆರಳು ಮಾತ್ರ ಕೊಂಬಿನ ಸಮೇತ ಉಳಿಯಿತು. ಗಂಡ ಸಿದ್ದರಾಮೇಶ ಗಂಭೀರವಾಗಿ ಹೇಳಿದ: "ಮ್ಯಾಕಿ ಜಾಣ ಐತಿ. ಓಡಿ ಹೋಗೂ ಗದ್ದಲದಾಗ ನೆಳ್ಳ ಮರತೈತಿ, ಅಷ್ಟ."

ಮೂರನೆಯದು, ಸ್ವಂತ ವಿನ್ಯಾಸ. ಅವಳು ಒಂದು ಸೀರೆಯ ಅಂಚು ಬರೆದಳು. ನವಿಲಿನ ಗರಿಯೊಳಗೆ ಕಣ್ಣು, ಕಣ್ಣೊಳಗೆ ಮತ್ತೆ ನವಿಲು. ಸಿದ್ದರಾಮೇಶನೂ ನೇಕಾರನೇ, ಎರಡನೆಯ ಮಗ್ಗ ಅವನದು. ಕೋರ್ಸಿಗೆಂದು ತಂದ ಲ್ಯಾಪ್‌ಟಾಪನ್ನು ಹಿಂದೆ ಮುಂದೆ ಸರಿಸಿ ನೋಡಿ, "ಭಾಳ ಚಲೋ ಐತಿ. ಹಂಗ ನನಗ ಇನ್ನೊಂದ ಜೋಡಿ ಕೈ ಬರಕೊಡು, ನೇಯ್ತೀನಿ," ಎಂದ.

ಕಲಿಸುವ ಅಯಾಜ ಸರ್ ಕೂಡ ಮೆದುವಾಗಿಯೇ ಚಿವುಟುತ್ತಿದ್ದರು. "ನೇತ್ರಾ ಮೇಡಂ, ನಿಮ್ಮ ಕೆಲಸ ದೂರದಿಂದ ನೋಡಿದ್ರ ಫಸ್ಟ್ ಕ್ಲಾಸ್. ಹತ್ರ ಹೋಗಬಾರದು, ಅಷ್ಟ."

ನೇತ್ರಾ ಮನೆಗೆ ನಡೆದು ಬರುವಾಗ ಅದನ್ನೇ ಯೋಚಿಸಿದಳು. ಖರೇ ಮಾತು. ಚಂದ್ರ ಸರಿ, ಮೂಗು ತಪ್ಪು. ಮೇಕೆ ಸರಿ, ನೆರಳು ತಪ್ಪು. ಅಡುಗೆಯಲ್ಲೂ ಹಾಗೇ, ಹೋಳಿಗೆ ಹೂವಿನಂತೆ ಮಾಡಿ ಒಲೆ ಆರಿಸುವುದನ್ನು ಮರೆಯುವ ಕೈ ಅವಳದು. ದೊಡ್ಡದನ್ನು ಸಂಭಾಳಿಸುವಾಗ ಸಣ್ಣದು ಬೆರಳಿನ ಸಂದಿಯಿಂದ ಜಾರುತ್ತದೆ. ಒಂದು ಕಣ್ಣು ಯಾವಾಗಲೂ ಮಗುವಿನ ಮೇಲೆ ಇರುವವಳಿಗೆ ಉಳಿಯುವುದೇ ಒಂದು ಕಣ್ಣು, ಏನು ಮಾಡುವುದು?

ಕೋರ್ಸು ಮುಗಿಯುವ ಮುನ್ನವೇ ಬಸ್ ನಿಲ್ದಾಣದ ಹತ್ತಿರ ಸ್ಟುಡಿಯೋ ಇಟ್ಟಿದ್ದ ಮದರಸಾಬರು ಹೇಳಿಕಳುಹಿಸಿದರು: ಮದುವೆ ಆಲ್ಬಮ್ ಜೋಡಿಸುವ ಕೆಲಸವಿದೆ, ಹತ್ತರಿಂದ ನಾಲ್ಕರವರೆಗೆ, ಮನಸ್ಸಿದ್ದರೆ ಬರಲಿ. ನೇತ್ರಾಳಿಗೆ ಮನಸ್ಸು ಎಷ್ಟಿತ್ತೆಂದರೆ ಆ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಆದರೆ ಆರು ತಾಸು ಮಗು?

"ಎರಡು ತಾಸಂದ್ರ ಕೂಸು ಮಲಗಿರತೈತಿ," ಎಂದಳು ಶಿವಬಸವ್ವ. "ಆರು ತಾಸು ಹ್ಯಾಂಗ ನೋಡ್ಲಿ? ಇತ್ಲಾಗ ಲಾಳಿ, ಅತ್ಲಾಗ ಕೂಸು. ಎರಡೂ ಒಂದ ಕಡೆ ನಿಂದ್ರೂವಲ್ಲ."

"ನಾನೂ ನೋಡ್ತೀನಲ್ಲಬೇ," ಎಂದ ಸಿದ್ದರಾಮೇಶ.

"ನೀ ನೋಡ್ತೀ, ಗೊತ್ತೈತಿ. ಫೋನ ನೋಡ್ತೀ."

ನೇತ್ರಾ ಪಾತ್ರೆ ತೊಳೆಯತೊಡಗಿದಳು; ಅವು ಒಂದಿಷ್ಟು ಜೋರಾಗಿಯೇ ಮಾತಾಡಿದವು. ಶಿವಬಸವ್ವ ಕಂಡಿಕೆಗೆ ನೂಲು ಸುತ್ತುತ್ತ ಅದನ್ನು ಕೇಳಿಸಿಕೊಂಡಳು, ಗೋಡೆಯ ಕಡೆ ನೋಡಿದಳು, ಕಂಡಿಕೆ ತುಂಬಿದ ಮೇಲೆ ಅಂದಳು:

"ಒಂದ ಮಾತ. ನಿನ್ನ ಮಾವನ ಕೋಟ ಬಿಚ್ಚಸು. ಅವರ ಅಂಗಿ ಧೋತರದಾಗ ನನ್ನ ಮಗ್ಗಲಕ ಕುಂದ್ರಸು. ನಮ್ಮಿಬ್ಬರ್ದು ಅಂತ ಒಂದೂ ಫೋಟೋ ಇಲ್ಲ. ಮಾಳವ್ವ ಬಂದು ನೋಡಿ, ಯಾರೂ ಹೇಳಲಾರದ, 'ನಮ್ಮಣ್ಣ' ಅಂದ್ಲಂದ್ರ ಕೂಸು ನನಗ ಬಿಡು, ನೀ ಕೆಲಸಕ್ಕ ಹೋಗು. ಅನ್ನಲಿಲ್ಲಂದ್ರ ಕೂಸು ಸಾಲಿಗೆ ಹೋಗೂತನ ಸುಮ್ನಿರು."

ಷರತ್ತು ಸಣ್ಣದಲ್ಲ. ಮಾಳವ್ವ ಗವಿಸಿದ್ದಪ್ಪನ ತಂಗಿ, ರಾಜೂರಿಗೆ ಕೊಟ್ಟವಳು. ಉಪ್ಪಿಟ್ಟು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನದೆ, ರವೆ ಯಾವ ಅಂಗಡಿಯದು ಎಂದು ಕೇಳುವವಳು. ಕೋಟಿನ ಫೋಟೋ ಗೋಡೆಗೆ ಬಂದ ದಿನ ಅದರ ಮುಂದೆಯೇ ನಿಂತು, "ಇವರಿರ್ಲಿ. ನಮ್ಮಣ್ಣನ ಫೋಟೋ ಎಲ್ಲಿ?" ಎಂದಿದ್ದಳು.

ನೇತ್ರಾ ಇದನ್ನೇ ಕೊನೆಯ ಪ್ರಾಜೆಕ್ಟಾಗಿ ಹಿಡಿದಳು. ಮತದಾರರ ಚೀಟಿಯ ಮುಖವನ್ನು ಸ್ಕ್ಯಾನ್ ಮಾಡಿಸಿ, ಚುಕ್ಕಿ ಚುಕ್ಕಿಯಾಗಿ ತಿದ್ದಿದಳು. ಅತ್ತೆ ಬೆನ್ನ ಹಿಂದೆ ನಿಂತು, "ಇಷ್ಟ ಬೆಳ್ಳಗ ಇದ್ದಿಲ್ಲ… ಇಷ್ಟ ಕರ್ರಗೂ ಇದ್ದಿಲ್ಲವಾ, ಬಿಸಿಲಾಗ ನಿಂದ್ರಸಬ್ಯಾಡ," ಎನ್ನುತ್ತಿದ್ದಳು. ನಾಲ್ಕಾರು ದಿನದಲ್ಲಿ ಮುಖ ಸಿಕ್ಕಿತು. ಇನ್ನು ಅದಕ್ಕೊಂದು ಮೈ ಬೇಕು.

ಮೊದಲು ಸಿದ್ದರಾಮೇಶನಿಗೆ ಧೋತರ ಉಡಿಸಿದರು. ಅವನು ಎರಡೂ ಕೈಯಿಂದ ಗಂಟು ಹಿಡಿದುಕೊಂಡು, ಬಿಟ್ಟರೆ ಮಾನ ಹೋಗುತ್ತದೆಂಬಂತೆ ತಾಯಿಯ ಪಕ್ಕ ಕೂತ. ನೇತ್ರಾ ಫೋನು ಎತ್ತಿದಳು. ಅಷ್ಟರಲ್ಲಿ ಶಿವಬಸವ್ವನಿಗೆ ಏನೋ ಹೊಳೆದು ಎದ್ದೇ ನಿಂತಳು.

"ತಡಿ ತಡಿ. ಇವನ ಮೈಗೆ ಅವರ ಮಾರಿ ಹಚ್ಚಾಕಿ ನೀ? ಹರಹರಾ! ಮಗನ ಮೈಯಾಗ ಗಂಡನ್ನ ಕುಂದ್ರಸ್ತಾರೇನ? ಕಲತಾಕಿಗೆ ಇಷ್ಟೂ ತಿಳಿಯೂದಿಲ್ಲ!"

"ಹಂಗಾರ ಧೋತರ ಬಿಚ್ಚಲೇನ್ಬೇ?" ಎಂದ ಸಿದ್ದರಾಮೇಶ, ದೊಡ್ಡ ಉಪಕಾರವಾದವನಂತೆ.

"ಪಕ್ಕದ ಮನಿ ಕಾಕಾರನ್ನ ಕರಿಯೂಣೇನ್ರಿ?" ಎಂದಳು ನೇತ್ರಾ.

"ಪರಗಂಡಸಿನ ಮಗ್ಗಲಕ ನಾ ಕುಂದ್ರೂದಿಲ್ಲ. ಕಂಪ್ಯೂಟರಿನ್ಯಾಗ ಆದ್ರೂ ಅಷ್ಟ, ಹೊರಗಾದ್ರೂ ಅಷ್ಟ."

"ಮತ್ತ ಯಾರ ಮೈ ತರ್ಲಿ ಅತ್ತಿ? ಅಂಗಡ್ಯಾಗ ಸಿಗೂದಿಲ್ಲ ಅದು."

ಶಿವಬಸವ್ವ ಮೂಲೆಯ ಟ್ರಂಕಿನ ಕಡೆ ನೋಡಿದಳು. ಆಮೇಲೆ, "ನಂದ ತಗೋ," ಎಂದಳು.

ಮಗನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಟ್ರಂಕಿನ ತಳದಿಂದ ಗಂಡನ ಅಂಗಿ, ಧೋತರ, ರುಮಾಲು ತೆಗೆದಳು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹರಡಿತು. ಸೀರೆಯ ಮೇಲೆಯೇ ಧೋತರ ಸುತ್ತಿ, ಅಂಗಿ ತೊಟ್ಟು, ತೋಳನ್ನು ಮೊಣಕೈಯವರೆಗೆ ಮಡಚಿ, ರುಮಾಲು ಕಟ್ಟಿಕೊಂಡು ಮಗ್ಗದ ಕಟ್ಟೆಯ ಮೇಲೆ ಕೂತಳು. ಮಗು ಒಂದು ಸಲ ನೋಡಿ, ಅಜ್ಜಿಯನ್ನು ಯಾರೋ ಒಯ್ದರೆಂದು ತಿಳಿದು ಕಿಟಾರನೆ ಕಿರುಚಿತು. ನೇತ್ರಾಳಿಗೆ ನಗು ತಡೆಯದೆ ಫೋನು ನಡುಗತೊಡಗಿತು.

"ನಗಬ್ಯಾಡ. ಮಾವನ ಮುಂದ ಸೊಸಿ ಹಲ್ಲ ಕಿಸಿತಾರೇನ?"

ಅದಕ್ಕೆ ಇನ್ನೂ ಹೆಚ್ಚು ನಗು. ಅತ್ತೆಯೂ ನಕ್ಕಳು, ರುಮಾಲು ಜಾರಿತು, ಮತ್ತೆ ಕಟ್ಟಿದಳು. ಆಮೇಲೆ ಶಿವಬಸವ್ವ ನಗು ನಿಲ್ಲಿಸಿ, ಬಲಭುಜವನ್ನು ಸ್ವಲ್ಪ ಇಳಿಬಿಟ್ಟಳು. ಎಡಗೈಯನ್ನು ಮೊಣಕಾಲ ಮೇಲೆ ಇಟ್ಟಳು. ಕತ್ತನ್ನು ಒಳಮನೆಯ ಬಾಗಿಲ ಕಡೆ ಕೂದಲೆಳೆಯಷ್ಟು ತಿರುಗಿಸಿದಳು.

ಲಾಳಿಯ ಹಗ್ಗವನ್ನು ಆಯುಷ್ಯವೆಲ್ಲ ಜಗ್ಗಿದ ಭುಜ ಅದು. ಅವರದೂ ಇಳಿದಿತ್ತು, ಇವಳದೂ ಇಳಿದಿದೆ. ಕೋಟಿನವನು ಅದನ್ನು ನೆಟ್ಟಗೆ ಮಾಡಿ ಕೂರಿಸಿದ್ದ. "ಹಿಂಗ ಕುಂದ್ರತಿದ್ರು," ಎಂದಳು ಶಿವಬಸವ್ವ. "ದಿನಾ ಸಂಜಿಮುಂದ. ಚಾ ಬರೂತನ." ನೇತ್ರಾಳ ನಗು ಅಲ್ಲಿಯೇ ನಿಂತಿತು. ಫೋನೂ ನಡುಗುವುದನ್ನು ಬಿಟ್ಟಿತು. ಅವಳು ಫೋಟೋ ತೆಗೆದಳು.

ಆಮೇಲೆ ಒಳ್ಳೆಯ ಸೀರೆಯಲ್ಲಿ, ಶಿವಬಸವ್ವ ಶಿವಬಸವ್ವನಾಗಿಯೇ ಎಡಗಡೆ ಕೂತ ಇನ್ನೊಂದು ಫೋಟೋ.

ಎರಡನ್ನೂ ಕೂಡಿಸುವ ಕೆಲಸ ನಡೆದಿದ್ದಾಗ ಒಂದು ಮಧ್ಯಾಹ್ನ ಅತ್ತೆ ಬಂದು ಪಕ್ಕದಲ್ಲಿ ಕೂತಳು. ಹೇಳಲೋ ಬೇಡವೋ ಎಂದು ನೂಲಿನ ಎಳೆಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿ, ಕೊನೆಗೆ ಕೇಳಿದಳು.

"ಅವರು ಮಗ್ಗಲಕ ಕುಂತಾಗ ನನ್ನ ಹಣಿ ಬರೇ ಇದ್ರ ಹ್ಯಾಂಗ? ನಾ ಕುಂಕುಮ ಹಚಗೊಂಡ್ರ ಮಂದಿ ಬಾಯಿ ಬಿಡ್ತಾರ. ನೀ ಇದರಾಗ ಹಚ್ಚಿದ್ರ ಯಾರ ಕೇಳ್ತಾರ?"

ನೇತ್ರಾ ಕೆಂಪು ಬಣ್ಣ ಆರಿಸಿ, ಕುಂಚವನ್ನು ದುಂಡಗೆ ಮಾಡಿ, ಪರದೆಯ ಮೇಲಿನ ಹಣೆಗೆ ಒಂದು ಚುಕ್ಕೆ ಇಟ್ಟಳು.

"ಸಣ್ಣದಾತು. ನಾ ಏನ ಕಾಲೇಜ ಹುಡಿಗೇನ?"

ದೊಡ್ಡದು ಮಾಡಿದಳು.

"ಇನ್ನಷ್ಟ. ಅವ್ವ ಅವ್ವ, ಇಷ್ಟಲ್ಲ, ಜಾತ್ರಿ ದೇವಿ ಮಾಡಿಬಿಟ್ಟಿ! ಹ್ಞಾಂ. ಅಷ್ಟ. ಸಾಕು."

ಆಮೇಲೆ ಹಸಿರು ಬಳೆ. ನೇತ್ರಾ ತನ್ನ ಕೈಯ ಬಳೆಗಳನ್ನೇ ಫೋಟೋ ತೆಗೆದು, ಅತ್ತೆಯ ಕೈಗೆ ಒಂದೊಂದಾಗಿ ಏರಿಸಿದಳು. ಬಳೆಯ ಹೊಳಪು, ಬಳೆಯ ನೆರಳು, ನೆರಳಿನ ತುದಿ. ಈ ಸಲ ಮೇಕೆಯ ಕತೆ ಆಗಬಾರದೆಂದು ಎಲ್ಲ ನೆರಳನ್ನೂ ಹುಡುಕಿ ಹುಡುಕಿ ಹಾಕಿದಳು. ತುಟಿ ಬಿಗಿಹಿಡಿದು ನೋಡುತ್ತಿದ್ದ ಶಿವಬಸವ್ವ, ಬಳೆ ತುಂಬಿದ ಮೇಲೆ ಎದ್ದು, "ಹಾಲು ಉಕ್ಕತೈತಿ," ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ.

ಸಂತೆಯ ದಿನ ಮಾಳವ್ವ ರಾಜೂರಿನಿಂದ ಮೆಂತ್ಯಸೊಪ್ಪಿನ ಚೀಲ ಹಿಡಿದು ಬಂದಳು. ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಫೋಟೋವನ್ನು ಮಗ್ಗದ ಮೇಲೆ ಒರಗಿಸಿ, ಮೂವರೂ ಏನೂ ಅರಿಯದವರಂತೆ ಬೇರೆ ಬೇರೆ ಕಡೆ ನೋಡುತ್ತ ನಿಂತರು. ಸಿದ್ದರಾಮೇಶನಂತೂ ತೊಲೆ ಎಣಿಸುತ್ತಿದ್ದ.

"ನೀರ ಕೊಡ ನೇತ್ರಾ, ಬಿಸಲ…" ಎಂದು ಒಳಗೆ ಬಂದ ಮಾಳವ್ವ ಚೀಲ ಇಳಿಸುವುದನ್ನು ಮರೆತಳು.

"ಅಯ್ಯ, ನಮ್ಮಣ್ಣ! ಚಾಕ್ಕ ಕಾಯಾಕತ್ತಾನ ನೋಡ."

ಶಿವಬಸವ್ವ ಮಗ್ಗದ ಕಡೆ ಮುಖ ತಿರುಗಿಸಿ, ತುಂಡಾಗಿಯೇ ಇರದ ಎಳೆಯೊಂದನ್ನು ಹುಡುಕುವ ನೆಪ ಮಾಡಿದಳು. ನೇತ್ರಾಳ ಮನಸ್ಸು ಆಗಲೇ ಬಸ್ ನಿಲ್ದಾಣ ದಾಟಿ, ಸ್ಟುಡಿಯೋದ ಕುರ್ಚಿಯ ಮೇಲೆ ಕೂತಿತ್ತು.

ಅಷ್ಟರಲ್ಲಿ ಮಾಳವ್ವ ಚಾಳೀಸಿನ ಕನ್ನಡಕ ಹಾಕಿಕೊಂಡಳು. ಹತ್ತಿರ ಹೋದಳು.

"ಇದೇನ? ಅಣ್ಣನ ಕೈಯಾಗ ಹಚ್ಚಿ ಬೊಟ್ಟ? ಏನೋ ಬರದೈತಿ. ಓದೋ ಸಿದ್ದು."

ಸಿದ್ದರಾಮೇಶ ಬಗ್ಗಿ ಓದಿದ. "ಗ-ವಿ-ಸಿ-ದ್ದ-ಪ್ಪ."

"ತನ್ನ ಹೆಸರ ತಾನ ಬರಸ್ಕೊಂಡಾನ? ಯಾಕ, ಎಲ್ಲೆರ ಮರತೀನಿ ಅಂತೇನ?"

ನೇತ್ರಾ ಅತ್ತೆಯ ಕೈ ನೋಡಿದಳು. ಆ ಹಚ್ಚೆ ಅತ್ತೆಯದು. ಮದುವೆಯಾದ ಹೊಸತರಲ್ಲಿ ಶಿವಬಸವ್ವ ಮೊಣಕೈ ಕೆಳಗೆ ಗಂಡನ ಹೆಸರು ಚುಚ್ಚಿಸಿಕೊಂಡಿದ್ದಳು. ಬೆಳಗಾದರೆ ರೊಟ್ಟಿ ಬಡಿಯುವ ಆ ಕೈಯಲ್ಲಿ ಅದನ್ನು ನೋಡಿ ನೋಡಿ ನೇತ್ರಾಳ ಕಣ್ಣಿಗೆ ಅದು ಚರ್ಮದ ಬಣ್ಣವೇ ಆಗಿಹೋಗಿತ್ತು. ಸೀರೆಯವಳ ಕೈಯ ಬಳೆಗಳ ನೆರಳಿನಲ್ಲಿ ಮುಳುಗಿದ್ದವಳು, ಅಂಗಿಯವರ ಮಡಚಿದ ತೋಳಿನ ಕೆಳಗೆ ನೋಡಿಯೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಹೆಸರು ಹೊತ್ತು ಕೂತಿದ್ದರು.

ಮಾಳವ್ವ ಫೋಟೋ ನೋಡಿದಳು, ಶಿವಬಸವ್ವನ ಕೈ ನೋಡಿದಳು, ಮತ್ತೆ ಫೋಟೋ ನೋಡಿದಳು.

"ವೈನೀ! ಅಣ್ಣನ ಧೋತರ ಉಟ್ಟಾಕಿ ನೀನ!" ಎಂದವಳೇ ಮೆಂತ್ಯದ ಚೀಲದ ಮೇಲೆಯೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ರಾಜೂರ ಮಂದಿಗೆಲ್ಲ ಹೇಳ್ತೀನಿ ತಡಿ. ನಮ್ಮ ವೈನಿ ಗಂಡಸಾದ್ಲು ಅಂತ."

ಶಿವಬಸವ್ವನ ಕಿವಿ ಕೆಂಪಾದವು. ನಾಚಿಕೆಯಾದಾಗ ಬೈಯುವುದು ಅವಳ ಪದ್ಧತಿ. "ನೋಡ್ದೆ? ಕೆಲಸ ಕಚ್ಚಾ ಐತಿ. ತಪ್ಪಿದ್ದ ಮ್ಯಾಲೆ ಮಾತ ಮುಗೀತು. ಕೂಸು ಸಾಲಿಗೆ ಹೋಗೂತನ—"

"ಎರಡ ನಿಮಿಷದ ಕೆಲಸರಿ ಅತ್ತಿ," ಎಂದು ನೇತ್ರಾ ಲ್ಯಾಪ್‌ಟಾಪ್ ಎಳೆದುಕೊಂಡಳು. ಮಾವನ ಕೈಯನ್ನು ಪರದೆಯ ತುಂಬ ದೊಡ್ಡದು ಮಾಡಿದಳು. ಹಸಿರು ಅಕ್ಷರಗಳು ಕಂಬಳಿಹುಳದಷ್ಟು ದಪ್ಪವಾದವು. ಕೊನೆಯ ಅಕ್ಷರದ ಮೇಲೆ ಕುಂಚ ಇಟ್ಟಳು, ಒತ್ತು ಅಳಿಸಿಹೋಯಿತು.

"ನಿಂದ್ರ! ಏನ ಮಾಡಾಕತ್ತಿ?"

"ಹೆಸರ ಅಳಸಾಕತ್ತೀನ್ರಿ."

"ನಾ ಬಾಯಿಲೆ ಒಂದ ದಿನಾ ಅಂದಿಲ್ಲ ಆ ಹೆಸರ. ಅಷ್ಟ ಜ್ವಾಕಿ ಮಾಡಿ ಇಟಗೊಂಡೀನಿ. ನೀ ಒರಸಾಕ ಕುಂತಿ?"

"ಇದು ನಿಮ್ಮ ಕೈ ಅಲ್ಲರಿ. ಮಾವನ ಕೈ."

"ಮಾವನ್ದಾದ್ರೇನ, ಕೈ ನಂದ ಅಲ್ಲೇನ?"

ನೇತ್ರಾ ಕುಂಚವನ್ನು ಅಲ್ಲಿಯೇ ನಿಲ್ಲಿಸಿ, ಬಹಳ ಮೆತ್ತಗೆ ಕೇಳಿದಳು.

"ಹಂಗಾರ ತಪ್ಪೈತೋ ಇಲ್ಲೋ ನೀವ ಹೇಳ್ರಿ. ತಪ್ಪಿದ್ರ ಅಳಸ್ತೀನಿ. ತಪ್ಪಿಲ್ಲಂದ್ರ ಬಿಡ್ತೀನಿ, ಕೆಲಸಕ್ಕ ಹೋಗ್ತೀನಿ."

"ವೈನೀ, ನೀ ಸೊಸೀನ್ನ ತಂದಿಲ್ಲ," ಎಂದಳು ಮಾಳವ್ವ, ಕಣ್ಣೊರೆಸಿಕೊಳ್ಳುತ್ತ. "ವಕೀಲನ್ನ ತಂದಿ."

ಶಿವಬಸವ್ವ ಪರದೆ ನೋಡಿದಳು. ಒತ್ತಿಲ್ಲದ ಹೆಸರು ಅವಳಿಗೆ ನೋಡಲಾಗಲಿಲ್ಲ.

"ಮೊದಲ ಅದನ್ನ ಇದ್ದಂಗ ಮಾಡು."

ನೇತ್ರಾ ಒಂದು ಕೀಲಿ ಒತ್ತಿದಳು. ಒತ್ತು ಮರಳಿ ಬಂತು.

"ತಪ್ಪಿಲ್ಲ," ಎಂದಳು ಶಿವಬಸವ್ವ. "ಚಾ ಇಡು. ಮಾಳವ್ವ ಬಂದು ಎಷ್ಟೊತ್ತಾತು."

ಕೊನೆಯ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರಾಜೆಕ್ಟಿನ ಬಗ್ಗೆ ಮಾತನಾಡಬೇಕಿತ್ತು. ಅಯಾಜ ಸರ್ ನೇತ್ರಾಳ ಚಿತ್ರವನ್ನು ದೊಡ್ಡ ಪರದೆಗೆ ಹಾಕಿ ಮೊದಲು ದೂರದಿಂದ ನೋಡಿದರು, ತಲೆದೂಗಿದರು. ಆಮೇಲೆ ರೂಢಿಯಂತೆ ಹತ್ತಿರ ಹೋದರು.

"ಮುಖ, ಬೆಳಕು, ಬಳೆ ನೆಳ್ಳ, ಎಲ್ಲಾ ಚಲೋ ಬಂದೈತಿ. ಆದ್ರ ಈ ಕೈ? ಇಬ್ಬರಿಗೂ ಒಂದ ಹಚ್ಚಿ. ಮೇಡಂ, ಇದಕ್ಕ ಮಾರ್ಕ್ಸ್ ಕಟ್ ಮಾಡಬೇಕಾಗತೈತಿ."

"ಮಾಡ್ರಿ ಸರ್," ಎಂದಳು ನೇತ್ರಾ. "ಮೊದಲ ನಾ ಮರತಿದ್ದೆ, ಅದು ಖರೇ. ಗೊತ್ತಾದ ಮ್ಯಾಲೆ ಅಳಸಾಕ ಕುಂತೆ. ಗಿರಾಕಿ ಬ್ಯಾಡಂದ್ರು."

"ಗಿರಾಕಿ ಯಾರು?"

"ಆ ಎರಡೂ ಕೈಯಾಕಿರಿ."

ಕ್ಲಾಸಿಗೆ ಅರ್ಥವಾಗಲಿಲ್ಲ, ಅವಳು ಪೂರ್ತಿ ಕತೆ ಹೇಳಬೇಕಾಯಿತು. ತಾನು ಏನು ಕಲಿತೆನೆಂದು ಕೇಳಿದ್ದಕ್ಕೆ, ಮಗು ಮಲಗಿದ ಮೇಲೆಯೇ ಲೇಯರ್ ತೆರೆಯಬೇಕು, ಹೆಜ್ಜೆಗೊಮ್ಮೆ ಸೇವ್ ಮಾಡಬೇಕು, ಯಾವುದನ್ನಾದರೂ ಒರೆಸುವ ಮುಂಚೆ ಅದು ಯಾರದೆಂದು ಮನೆಯಲ್ಲಿ ಕೇಳಬೇಕು ಎಂದಳು. ಅಯಾಜ ಸರ್ ಮಾರ್ಕ್ಸ್ ಕಡಿಮೆ ಮಾಡಿದರು, ಪಾಸೂ ಮಾಡಿದರು.

ಸೋಮವಾರ ಬೆಳಿಗ್ಗೆ ನೇತ್ರಾ ಸ್ಟುಡಿಯೋಗೆ ಹೊರಟಳು. ಹಿಂದಿನ ದಿನವಿಡೀ ಮಗುವಿಗೆ ಹೇಗೆ ಹೇಳಿ ಹೋಗುವುದೆಂಬ ಚಿಂತೆ. ಅತ್ತರೆ ಏನು ಕೊಡಬೇಕು, ಜೋಳಿಗೆಯ ಬಟ್ಟೆ ಒದ್ದೆಯಾದರೆ ಬೇರೆಯದು ಎಲ್ಲಿದೆ, ಅನ್ನ ಎಷ್ಟು ಮೆತ್ತಗೆ ಹಿಚುಕಬೇಕು, ಎಲ್ಲ ಎರಡೆರಡು ಸಲ ಹೇಳಿ, ಮೂರನೆಯ ಸಲಕ್ಕೆ ಶಿವಬಸವ್ವ, "ನಾನೂ ಹಡದು ಬೆಳಸೀನವಾ," ಎಂದ ಮೇಲೆ ಬಾಯಿ ಮುಚ್ಚಿದಳು. ಚಪ್ಪಲಿ ಮೆಟ್ಟಿ, ಹೊಸ್ತಿಲಲ್ಲಿ ನಿಂತು, ಅಳು ಬಂದೇ ಬರುತ್ತದೆಂದು ಮನಸ್ಸು ಗಟ್ಟಿ ಮಾಡಿಕೊಂಡು ತಿರುಗಿ ನೋಡಿದಳು.

ವಿದ್ಯಾಶ್ರೀ ಮಗ್ಗದ ಕಟ್ಟೆಯ ಮೇಲೆ ಕೂತು, ಕಂಡಿಕೆಗಳ ಬುಟ್ಟಿಯನ್ನು ತಲೆಕೆಳಗಾಗಿ ಸುರುವಿ, ಒಂದೊಂದನ್ನೇ ಕುಣಿಯೊಳಗೆ ಅಜ್ಜಿಯ ಕಾಲ ಮೇಲೆ ಎಸೆಯುತ್ತಿತ್ತು. ಅವ್ವ ಎಂಬವಳು ಒಬ್ಬಳಿದ್ದಾಳೆಂಬುದೇ ಅದರ ಲೆಕ್ಕದಲ್ಲಿ ಇರಲಿಲ್ಲ.

"ವಿದ್ಯಾ, ಟಾಟಾ," ಎಂದಳು ನೇತ್ರಾ, ಸಣ್ಣ ದನಿಯಲ್ಲಿ.

"ಹೋಗ, ಹೋಗ," ಎಂದಳು ಶಿವಬಸವ್ವ ಕುಣಿಯೊಳಗಿನಿಂದ, ಮೈಮೇಲೆ ಬಿದ್ದ ಕಂಡಿಕೆಗಳನ್ನು ಕೊಡವಿಕೊಳ್ಳುತ್ತ. "ಬಾಗಲ್ದಾಗ ನಿಂತು ಕೂಸಿಗೆ ನೆನಪ ಮಾಡಿಕೊಡಬ್ಯಾಡ."